ದೂರದ ಓಟ, ಉರಿಯೂತ ಮತ್ತು ರಕ್ತನಾಳ

ದೂರ ಓಡುವಾಗ ರಕ್ತದ ಹರಿವು ಹೆಚ್ಚಿ, ನಾಳದ ಒಳಪೊರೆಯನ್ನು ಉಜ್ಜುತ್ತ ಸಾಗುತ್ತದೆ. ಆಗ ಒಳಪೊರೆಯ ಕೋಶಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುತ್ತವೆ. ನಾಳ ಸಡಿಲಗೊಂಡು ಅಗಲವಾಗುತ್ತದೆ. ಈ ಅನಿಲದ ಕೆಲಸ ಗುರುತಿಸಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ವರ್ಷಗಟ್ಟಲೆ ಓಡಿದವರ ನಾಳಗಳು ಬೇಗ ಗಡುಸಾಗುವುದಿಲ್ಲ.

ಉರಿಯೂತದ ಸಂಗತಿ ಇಷ್ಟು ಸರಳವಲ್ಲ. ಮ್ಯಾರಥಾನ್ ಮುಗಿಯುವಾಗ ಸ್ನಾಯುಗಳಿಂದ ಬರುವ, ಉರಿಯೂತದ ಸಂಕೇತವೆನಿಸಿದ ಇಂಟರ್‌ಲ್ಯೂಕಿನ್-6 ರಕ್ತದಲ್ಲಿ ಹಲವು ಪಟ್ಟು, ಕೆಲವೊಮ್ಮೆ 100 ಪಟ್ಟು ಏರುತ್ತದೆ. ಅಚ್ಚರಿಯೆಂದರೆ, ಉರಿಯೂತ ತಣಿಸುವ ಇಂಟರ್‌ಲ್ಯೂಕಿನ್-10 ಅನ್ನು ಕರೆತರುವುದೂ ಅದೇ. ಉರಿಯೂತದ ಇನ್ನೊಂದು ಸೂಚಕವಾದ ಸಿ-ರಿಯಾಕ್ಟಿವ್ ಪ್ರೋಟೀನ್ ಮರುದಿನ ಏರಿ, ಕೆಲವೇ ದಿನಗಳಲ್ಲಿ ಇಳಿಯುತ್ತದೆ. ನಿಯಮಿತವಾಗಿ ಓಡುವವರಲ್ಲಿ ಅದರ ಎಂದಿನ ಮಟ್ಟವೇ ಸಾಮಾನ್ಯವಾಗಿ ಕಡಿಮೆ.

ಆದರೆ ದೆಹಲಿಯಲ್ಲಿ ಓಡುವಾಗ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಓಡುವವರು ಬಾಯಿಂದ, ಆಳವಾಗಿ ಉಸಿರೆಳೆಯುತ್ತಾರೆ. ಗಾಳಿಯಲ್ಲಿನ ಪಿಎಂ 2.5 ಎಂಬ ಅತಿಸೂಕ್ಷ್ಮ ಮಾಲಿನ್ಯ ಕಣಗಳು ಶ್ವಾಸಕೋಶದ ತಳಕ್ಕಿಳಿದು ಉರಿಯೂತ ಹೆಚ್ಚಿಸುತ್ತವೆ, ನಾಳಗಳನ್ನು ಬಿಗಿಯುತ್ತವೆ. ಓಟ ಕೊಟ್ಟದ್ದರಲ್ಲಿ ಒಂದಷ್ಟನ್ನು ಗಾಳಿ ಕಸಿಯುತ್ತದೆ. 2017ರ ನವೆಂಬರ್‌ನಲ್ಲಿ ದೆಹಲಿ ಹಾಫ್ ಮ್ಯಾರಥಾನ್ ಮುಂದೂಡಬೇಕೆಂದು ಭಾರತೀಯ ವೈದ್ಯಕೀಯ ಸಂಘ ಕೇಳಿತ್ತು. ಕೇಳಿದ್ದು ಸರಿಯಾಗಿತ್ತು. ಓಟ ಮಾತ್ರ ನಿಲ್ಲಲಿಲ್ಲ. ಹೊಗೆಮಂಜು ಕವಿದ ಚಳಿಗಾಲದ ಬೆಳಗುಗಳಲ್ಲಿ ಮನೆಯೊಳಗಿನ ವ್ಯಾಯಾಮವೇ ನಾಳಗಳಿಗೆ ಹಿತ.