ಬಿಸಿಲಿದ್ದರೂ ವಿಮಾನ ತಡವೇಕೆ?

ಮೂಡಿಗೆರೆ ತಾಲ್ಲೂಕಿನ ಗೋಣಿಬೀಡಿನವರು ವಿಮಾನ ಹಿಡಿಯಬೇಕೆಂದರೆ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕು, ಇಲ್ಲವೇ ಹಾಸನದ ಮೇಲೆ ಬೆಂಗಳೂರಿಗೆ. ನಸುಕಿಗೇ ಹೊರಟು ನಿಲ್ದಾಣ ಮುಟ್ಟಿದವರು ‘ಹವಾಮಾನದಿಂದ ಎರಡು ಗಂಟೆ ತಡ’ ಎಂಬ ಪ್ರಕಟಣೆ ಕೇಳಿ ಹೊರಗೆ ನೋಡಿದರೆ ಚೊಕ್ಕ ಬಿಸಿಲು. ಕಂಪನಿ ಸುಳ್ಳು ಹೇಳುತ್ತಿದೆ ಎಂದು ಹೆಚ್ಚಿನವರು ಅಲ್ಲೇ ತೀರ್ಮಾನಿಸುತ್ತಾರೆ. ಅನುಮಾನ ಸಹಜ, ತೀರ್ಮಾನ ಆತುರದ್ದು. ಏರ್‌ಬಸ್ ಎ320ಯಂಥ ವಿಮಾನ ಒಂದೇ ದಿನ ಹಲವು ಊರು ಸುತ್ತುತ್ತದೆ. ಇಳಿದು ಮತ್ತೆ ಏರುವುದರ ನಡುವೆ ಅದಕ್ಕಿರುವುದು ಅರ್ಧದಿಂದ ಮುಕ್ಕಾಲು ಗಂಟೆಯ ಬಿಡುವು. ಜನವರಿಯ ಮಂಜಿನಲ್ಲಿ ದೆಹಲಿಯಿಂದ ಎರಡು ಗಂಟೆ ತಡವಾಗಿ ಎದ್ದ ವಿಮಾನವೇ ಬೆಂಗಳೂರಿಗೆ ಬಂದು ಮಂಗಳೂರಿಗೆ ಹೋಗಬೇಕಿದ್ದರೆ, ಆ ತಡವೂ ಜೊತೆಗೇ ಬರುತ್ತದೆ. ಘಾಟಿಯಲ್ಲಿ ಸಿಕ್ಕಿಕೊಂಡ ಬಸ್ಸು ತಡವಾಗಿ ಬಂದರೆ ಮೂಡಿಗೆರೆಯ ಬಿಸಿಲನ್ನು ಯಾರೂ ಸಾಕ್ಷಿಗೆ ಕರೆಯುವುದಿಲ್ಲವಲ್ಲ.

‘ಮೇಲೆ ಹೋದಮೇಲೆ ವೇಗ ಹೆಚ್ಚಿಸಬಾರದೇ?’ ಎಂದು ಕೇಳುವವರಿದ್ದಾರೆ. ಬೆಂಗಳೂರು–ಮಂಗಳೂರು ಪ್ರಯಾಣವೇ ಸುಮಾರು ಒಂದು ಗಂಟೆಯದು. ಎಷ್ಟು ಓಡಿಸಿದರೂ ಉಳಿಯುವುದು ಕೆಲವೇ ನಿಮಿಷ. ತಡ ದಾರಿಯಲ್ಲಿ ಬೆಳೆಯುವುದೂ ಉಂಟು. ದಟ್ಟಣೆಯ ನಿಲ್ದಾಣದಲ್ಲಿ ಸರದಿ ತಪ್ಪಿದರೆ ಮತ್ತೆ ಕಾಯಬೇಕು. ಪೈಲಟ್‌ಗಳ ದುಡಿಮೆಯ ಅವಧಿ ಮುಗಿದರಂತೂ, ವಿಮಾನ ಎದುರಿಗೇ ನಿಂತಿದ್ದರೂ ಹಾರಿಸುವವರಿಲ್ಲ. ಆ ಮಿತಿ ಇರುವುದು ನಮ್ಮ ಜೀವ ಕಾಯಲಿಕ್ಕೆ, ಅದನ್ನು ಸಡಿಲಿಸಿ ಎನ್ನಬಾರದು.

ಹಾಗೆಂದು ಎಲ್ಲವನ್ನೂ ಮಂಜಿನ ತಲೆಗೆ ಕಟ್ಟುವುದು ಇನ್ನೊಂದು ತಪ್ಪು ಕಲ್ಪನೆ. ಕಂಪನಿಗಳಿಗೆ ಬಹಳ ಅನುಕೂಲವಾದದ್ದು. ಬೆಳಗಿನ ತಡಕ್ಕೆ ಮಂಜು ಕಾರಣವಿರಬಹುದು, ಅದು ರಾತ್ರಿಯ ತನಕ ಎಳೆಯುವುದು ವೇಳಾಪಟ್ಟಿಯಲ್ಲಿ ಉಸಿರಾಡಲು ಜಾಗವಿಲ್ಲದಿರುವುದರಿಂದ. ಹೆಚ್ಚುವರಿ ವಿಮಾನ, ಸಿಬ್ಬಂದಿ ಇಟ್ಟುಕೊಂಡರೆ ಟಿಕೆಟ್ ದರ ಏರುತ್ತದೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಜಾಗವೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2025ರ ಡಿಸೆಂಬರ್ ಮೊದಲ ವಾರ ತೋರಿಸಿತು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿದ, ರಾತ್ರಿಯ ಇಳಿತಗಳನ್ನು ಕಡಿಮೆ ಮಾಡಿದ ನಿಯಮಗಳು ನವೆಂಬರ್ 1ರಂದು ಪೂರ್ತಿ ಜಾರಿಗೆ ಬಂದಿದ್ದವು. ಅವು ಬರುತ್ತವೆಂದು ಮೊದಲೇ ಗೊತ್ತಿದ್ದರೂ ಇಂಡಿಗೋ ಸಾಕಷ್ಟು ಪೈಲಟ್‌ಗಳನ್ನು ಸಜ್ಜುಗೊಳಿಸಿಕೊಂಡಿರಲಿಲ್ಲ. ದೇಶದಾದ್ಯಂತ ಸಾವಿರಾರು ವಿಮಾನಗಳು ರದ್ದಾದವು, ಬೆಂಗಳೂರಿನಲ್ಲೂ ಜನ ಪರದಾಡಿದರು. ಅದನ್ನು ಹವಾಮಾನದ ಲೆಕ್ಕಕ್ಕೆ ಬರೆಯಲಾಗದು.

ದೂರದಿಂದ ಹೋಗುವವರು ಸಾಧ್ಯವಾದರೆ ರಾತ್ರಿ ಅದೇ ನಿಲ್ದಾಣದಲ್ಲಿ ತಂಗಿದ ವಿಮಾನದ ಮೊದಲ ಹಾರಾಟ ಹಿಡಿಯಿರಿ. ಹಿಂದಿನ ಊರುಗಳ ತಡ ಅದಕ್ಕೆ ತಾಗುವುದು ಕಡಿಮೆ. ಡಿಸೆಂಬರ್–ಜನವರಿಯ ಬೆಂಗಳೂರಿಗೆ ಮಾತ್ರ ಈ ಸಲಹೆ ಪೂರ್ತಿ ಹೊಂದದು, ನಿಲ್ದಾಣವಿರುವ ದೇವನಹಳ್ಳಿಯಲ್ಲೇ ಬೆಳಗ್ಗೆ ಮಂಜು ಕವಿಯುತ್ತದೆ. ತಡವಾದರೆ ಕೌಂಟರಿನಲ್ಲಿ ‘ನಮ್ಮ ವಿಮಾನ ಈಗ ಯಾವ ಊರಲ್ಲಿದೆ?’ ಎಂದು ಕೇಳಿ.