ವಿಮಾನದ ರೇಡಿಯೋ ಮತ್ತು ಒಂದು ಪುಟ್ಟ ಕೊಂಡಿ

(ಕನ್ನಡ ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಸಂಗ್ರಹರೂಪ)



ಪುಟ್ಟ ವಿಮಾನಗಳನ್ನು ಸ್ವಹಸ್ತದಿಂದಲೇ ಕಟ್ಟಿ ಹಾರಿಸುವ ಹವ್ಯಾಸಿಗಳು ಈ ಅಮೆರಿಕದಲ್ಲಿ ಸಾವಿರಾರು ಮಂದಿ. ಉತ್ತಮ ರೇಡಿಯೋಗೆ ಧಾರಾಳವಾಗಿ ಹಣ ತೆರುವ ಇವರಲ್ಲಿ ಕೆಲವರು, ಅದನ್ನು ಆಂಟೆನಾಕ್ಕೆ ಜೋಡಿಸುವ ಕನೆಕ್ಟರಿನ ವಿಷಯದಲ್ಲಿ ಮಾತ್ರ ಜಿಪುಣರಾಗುತ್ತಾರೆ. ಪೈಲಟ್ಟಿನ ಮಾತು ನಿಯಂತ್ರಣ ಗೋಪುರವನ್ನು ಮುಟ್ಟಬೇಕಾದರೆ ಈ ಕೊಂಡಿಯನ್ನು ಹಾದೇ ಹೋಗಬೇಕಷ್ಟೆ.

ಕೋಆಕ್ಸಿಯಲ್ ಕೇಬಲಿನ ನಡುವೆ ಒಂದು ತಂತಿ, ಅದರ ಸುತ್ತ ನಿರೋಧಕ ಪದರ, ಅದರ ಮೇಲೆ ಹೆಣೆದ ಲೋಹದ ಜಾಲರಿ ಇರುತ್ತವೆ. ಕನೆಕ್ಟರು ತಂತಿ, ಜಾಲರಿ ಎರಡನ್ನೂ ಬಿಗಿಯಾಗಿ ಹಿಡಿಯಬೇಕು. ಸಡಿಲವಾದ ಜೋಡಣೆಯು ನಿಂತ ವಿಮಾನದಲ್ಲಿ ಪರೀಕ್ಷೆಗೆ ಸಿಕ್ಕದೆ, ಹಾರಾಟದ ಕಂಪನದಲ್ಲಿ ಆಗಾಗ ಕೈಕೊಡಬಹುದು.

ಬಿ.ಎನ್.ಸಿ. ಕನೆಕ್ಟರು ನಮ್ಮೂರಿನ ಹಳೆಯ ಬಲ್ಬಿನಂತೆ: ಒತ್ತಿ ಕಾಲು ಸುತ್ತು ತಿರುಗಿಸಿದರೆ ಕಚ್ಚಿಕೊಳ್ಳುತ್ತದೆ. ಟಿ.ಎನ್.ಸಿ.ಯಾದರೋ ಇಲ್ಲಿನ ಬಲ್ಬಿನಂತೆ ತಿರುಪಿನದು. ಸಂಭಾಷಣೆಗೆ ಬಳಸುವ 118ರಿಂದ 137 ಮೆಗಾಹರ್ಟ್ಸ್ ವ್ಯಾಪ್ತಿಗೆ ಬಿ.ಎನ್.ಸಿ. ಸಾಕು. ರಾಡಾರಿಗೆ 1090 ಮೆಗಾಹರ್ಟ್ಸ್‌ನಲ್ಲಿ ಉತ್ತರಿಸುವ ಟ್ರಾನ್ಸ್‌ಪಾಂಡರುಗಳಲ್ಲಿ ಟಿ.ಎನ್.ಸಿ.ಯೂ ಉಂಟು, ಕಂಪನದಲ್ಲಿ ಅದರ ಹಿಡಿತ ಹೆಚ್ಚು ಸ್ಥಿರ.

ವಿಮಾನದ ರೇಡಿಯೋಗೆ 50 ಓಮ್ ಕೇಬಲು, ಮನೆಯ ಟೆಲಿವಿಷನ್ನಿಗೆ 75 ಓಮ್. ಎರಡು ಬಗೆಯ ಬಿ.ಎನ್.ಸಿ.ಗಳೂ ನೋಡಲು ಅವಳಿಗಳಂತಿವೆ, ಕೊಳ್ಳುವಾಗ ಎಚ್ಚರವಿರಲಿ. ಆದರೂ 50 ಓಮಿನ ಮಾರ್ಗ 75 ಓಮಿಗೆ ಎದುರಾದರೆ ಮರಳಿ ಬರುವ ಶಕ್ತಿ ಶೇಕಡಾ 4 ಮಾತ್ರ. ಜಾಲರಿಯ ಹಿಡಿತ ತಪ್ಪಿದರೆ ಮಾತೇ ನಿಲ್ಲಬಹುದು. ಆದ್ದರಿಂದ ಓಮಿಗಿಂತಲೂ ಜೋಡಣೆಯೇ ಮುಖ್ಯ.

ಕೇಬಲುಗಳಲ್ಲಿ ಆರ್‌ಜಿ-400 ಶ್ರೇಷ್ಠ. ಬೆಳ್ಳಿ ಲೇಪಿಸಿದ ಎರಡು ಜಾಲರಿಗಳು ಅದಕ್ಕಿವೆ. ಅದರ ನಿರೋಧಕ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖವನ್ನು ತಾಳುತ್ತದೆ. ಸಾಮಾನ್ಯ ಆರ್‌ಜಿ-58ರ ಪಿವಿಸಿ ಹೊದಿಕೆ ಉರಿದರೆ ವಿಷದ ಹೊಗೆ ಕಾರುತ್ತದೆ. ಎರಡರ ದಪ್ಪ ಹೆಚ್ಚುಕಡಿಮೆ ಒಂದೇ. ಆದರೂ ತಯಾರಕರು ಆಯಾ ಕೇಬಲಿಗೆಂದೇ ಸೂಚಿಸಿದ ಕನೆಕ್ಟರನ್ನೇ ಕೊಳ್ಳಿರಿ. ಕೈಯಿಂದ ತಿರುಚಿ ಕೂರಿಸುವಂಥದ್ದು ಬೇಡವೇ ಬೇಡ. ಸರಿಯಾದ ಅಳತೆಯ ಅಚ್ಚುಳ್ಳ ಇಕ್ಕಳದಿಂದ ಅದುಮಿ, ಮೆಲ್ಲನೆ ಎಳೆದು ನೋಡಿರಿ. ಅನಂತರ ಕೇಬಲಿನ ಎರಡು ತುದಿಗಳನ್ನೂ ಬಿಡಿಸಿ, ಮೀಟರಿನಿಂದ ಪರೀಕ್ಷಿಸಿರಿ: ಸೂಜಿಯಿಂದ ಸೂಜಿಗೆ ಸಂಪರ್ಕವಿರಬೇಕು, ಕವಚದಿಂದ ಕವಚಕ್ಕೂ ಇರಬೇಕು, ಸೂಜಿಗೂ ಕವಚಕ್ಕೂ ನಡುವೆ ಇರಬಾರದು. ಪರೀಕ್ಷಿಸುವಾಗ ತುದಿಗಳನ್ನು ಅಲುಗಾಡಿಸುವುದನ್ನು ಮರೆಯದಿರಿ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆ ನಮ್ಮಲ್ಲಿದೆ. ಆಕಾಶದಲ್ಲಿ ಅಡಿಕೆಯಷ್ಟೇ ಗಾತ್ರದ ಈ ಕೊಂಡಿಗೆ ಮಾನವಲ್ಲ, ಪ್ರಾಣವೇ ಪಣ.