ಹುಯಿಯಾ ಹಕ್ಕಿಯೂ ವಕೀಲ ಬುಲ್ಲರನೂ

ನ್ಯೂಜಿಲೆಂಡಿನ ಉತ್ತರ ದ್ವೀಪದ ಕಾಡುಗಳಲ್ಲಿ ಹುಯಿಯಾ ಎಂಬ ಹಕ್ಕಿಯೊಂದಿತ್ತು. ಮೈಯೆಲ್ಲ ಕಪ್ಪು, ಬಾಲದ ಹನ್ನೆರಡು ಗರಿಗಳ ತುದಿ ಮಾತ್ರ ಬಿಳುಪು. ಅದರ ವೈಚಿತ್ರ್ಯವಿದ್ದುದು ಕೊಕ್ಕಿನಲ್ಲಿ. ಗಂಡಿನ ಕೊಕ್ಕು ಸುಮಾರು 6 ಸೆಂಟಿಮೀಟರ್ ಉದ್ದವಾಗಿ, ಬಡಗಿಯ ಉಳಿಯಂತೆ ಗಟ್ಟಿಯಾಗಿತ್ತು. ಹೆಣ್ಣಿನದು 10 ಸೆಂಟಿಮೀಟರಿನಷ್ಟು ನೀಳವಾಗಿ, ಕುಡುಗೋಲಿನಂತೆ ಬಾಗಿತ್ತು. ಲಂಡನ್ನಿನ ಪಕ್ಷಿಶಾಸ್ತ್ರಜ್ಞ ಜಾನ್ ಗೌಲ್ಡನು ಇವನ್ನು ಎರಡು ಬೇರೆ ಜಾತಿಗಳೆಂದೇ ಬಗೆದು, 1830ರ ದಶಕದಲ್ಲಿ ಎರಡು ಹೆಸರುಗಳನ್ನಿಟ್ಟನು. ಆತನನ್ನು ನಾವು ದೂರುವಂತಿಲ್ಲ. ಅವನ ಮುಂದಿದ್ದುದು ಒಣಗಿದ ಚರ್ಮ, ಬದುಕಿದ ಹಕ್ಕಿಯಲ್ಲ.

ಬದುಕಿದ ಜೋಡಿಯೊಂದನ್ನು ಸೆರೆಯಲ್ಲಿಟ್ಟು, ಅದು ಉಣ್ಣುವ ಬಗೆಯನ್ನು ಕಣ್ಣಾರೆ ನೋಡಿ ಬರೆದವನು ವಾಲ್ಟರ್ ಬುಲ್ಲರ್. ಗಂಡು ಕೊಳೆತ ಮರವನ್ನು ಕುಕ್ಕಿ ಒಡೆದು ಹುಳುವನ್ನು ಹೊರತೆಗೆಯುತ್ತಿತ್ತು. ಗಟ್ಟಿಮರದ ಆಳವಾದ ರಂಧ್ರಗಳಿಗೆ ಹೆಣ್ಣು ತನ್ನ ಬಾಗಿದ ಕೊಕ್ಕನ್ನು ಇಳಿಬಿಡುತ್ತಿತ್ತು.

ಬುಲ್ಲರನು 1838ರಲ್ಲಿ ನ್ಯೂಜಿಲೆಂಡಿನಲ್ಲಿಯೇ ವೆಸ್ಲಿಯನ್ ಪಾದ್ರಿಯೊಬ್ಬನ ಮಗನಾಗಿ ಹುಟ್ಟಿದನು. ಅಲ್ಲಿಯ ಮೂಲನಿವಾಸಿಗಳಾದ ಮಾವೊರಿ ಜನರ ಭಾಷೆ ಅವನಿಗೆ ಬಾಲ್ಯದಿಂದಲೇ ಬರುತ್ತಿತ್ತು. ಆ ಭಾಷೆಯ ಬಲದಿಂದ ಸರ್ಕಾರದ ದುಭಾಷಿಯಾದನು, ಬಳಿಕ ಮ್ಯಾಜಿಸ್ಟ್ರೇಟನಾದನು. 1873ರಲ್ಲಿ ಅವನ 'ನ್ಯೂಜಿಲೆಂಡಿನ ಪಕ್ಷಿಗಳ ಇತಿಹಾಸ' ಪ್ರಕಟವಾಯಿತು. ಮರುವರ್ಷ ಲಂಡನ್ನಿನಲ್ಲಿ ಬ್ಯಾರಿಸ್ಟರನಾದನು. 1879ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ 1886ರಲ್ಲಿ 'ಸರ್' ಪದವಿಯೂ ದೊರೆತವು.

ಅವನಿಗೆ ಹಣ ತಂದುದು ಪಕ್ಷಿಗಳಲ್ಲ, ಭೂಮಿಯ ವ್ಯಾಜ್ಯಗಳು. 1865ರಲ್ಲಿ ಸ್ಥಾಪಿತವಾದ ಮೂಲನಿವಾಸಿಗಳ ಭೂ ನ್ಯಾಯಾಲಯವು, ಕುಲದವರೆಲ್ಲ ಸಾಮೂಹಿಕವಾಗಿ ಅನುಭವಿಸುತ್ತಿದ್ದ ನೆಲವನ್ನು ಹೆಸರು ಹೆಸರಿನ ಹಕ್ಕುಗಳನ್ನಾಗಿ ಪರಿವರ್ತಿಸಿತು. ಹೆಸರಿಗೆ ಬಂದ ನೆಲ ಮಾರಾಟಕ್ಕೂ ಬಂದಿತು. ಮಾರಿದ ನೆಲದ ಕಾಡು ಕೊಡಲಿಗೂ ಬೆಂಕಿಗೂ ತುತ್ತಾಗಿ ಹುಲ್ಲುಗಾವಲಾಯಿತು. ಹುಯಿಯಾ ನೆಲೆಸಿದ್ದುದು ಇಂತಹ ಕಾಡಿನಲ್ಲಿಯೇ. ಹೊರಗಿನಿಂದ ಬಂದ ಇಲಿ, ಬೆಕ್ಕು, ಸ್ಟೋಟ್‌ಗಳು ಉಳಿದ ಕೆಲಸವನ್ನು ಮುಂದುವರಿಸಿದವು. ಬೇಟೆಯೂ ಸೇರಿತು: ಹನ್ನೊಂದು ಮಂದಿಯ ತಂಡವೊಂದು 646 ಹುಯಿಯಾ ಚರ್ಮಗಳನ್ನು ತಂದುದನ್ನು ಬುಲ್ಲರನೇ ದಾಖಲಿಸಿದ್ದಾನೆ.

1888ರ ಎರಡನೆಯ ಆವೃತ್ತಿಯಲ್ಲಿ ಅವನು ಹೇಳುವ ಪ್ರಸಂಗವೊಂದಿದೆ. ಹುಯಿಯಾ ಜೋಡಿಯೊಂದು ಪರಸ್ಪರ ಕೊಕ್ಕು ತಾಗಿಸಿ ಮುದ್ದಾಡುತ್ತಿತ್ತು. ಸಂಗಡಿಗನ ಒಂದೇ ಗುಂಡೇಟಿಗೆ ಎರಡೂ ಉರುಳಿದವು. ಬುಲ್ಲರನ ಮನಸ್ಸು ಮರುಗಿತು. ಗುಂಡು ತನ್ನದಲ್ಲವೆಂದು ಸಮಾಧಾನವನ್ನೂ ಪಟ್ಟನು. ಆದರೆ ಆ ಎರಡು ಮಾದರಿಗಳನ್ನು ತೆಗೆದುಕೊಳ್ಳದೆ ಬಿಡಲಿಲ್ಲ. 1892ರಲ್ಲಿ ಹುಯಿಯಾಕ್ಕೆ ಕಾನೂನಿನ ರಕ್ಷಣೆ ದೊರೆಯಿತು. ಅದಕ್ಕೆ ಮುಂದಾದ ಗವರ್ನರ್ ಆನ್ಸ್ಲೋ ತನ್ನ ಮಗನಿಗೆ ಹುಯಿಯಾ ಎಂದೇ ಹೆಸರಿಟ್ಟಿದ್ದನು. (ಆ ಹುಡುಗನು ಬೆಳೆದು ವಿಜ್ಞಾನಿಯಾಗಿ, ಕೀಟಗಳ ಹೊಳೆವ ಬಣ್ಣಗಳಿಗೆ ಕಾರಣವೇನೆಂದು ಶೋಧಿಸಿದನು, ಭೌತಶಾಸ್ತ್ರದವರಾದ ನಮಗೆ ಇದು ಪ್ರಿಯವಾದ ಸಂಗತಿ.) ರಕ್ಷಣೆ ಬೇಕೆಂದು ಬಲ್ಲ ಬುಲ್ಲರನಾದರೋ ಇಂಗ್ಲೆಂಡಿನ ಸಿರಿವಂತ ಸಂಗ್ರಾಹಕ ವಾಲ್ಟರ್ ರಾಥ್‌ಚೈಲ್ಡನಿಗೆ ನ್ಯೂಜಿಲೆಂಡಿನ ಅಪೂರ್ವ ಪಕ್ಷಿಗಳನ್ನು ಒದಗಿಸುತ್ತಲೇ ಇದ್ದನು.

ಈ ವಿರೋಧವನ್ನು ಬರಿಯ ಲೋಭವೆಂದು ಕರೆದು ಮುಗಿಸುವುದು ಸುಲಭ. ಅದರ ಹಿಂದೆ ಒಂದು ನಂಬಿಕೆಯೂ ಇತ್ತು. ಯೂರೋಪಿನ ಗಿಡ, ಪ್ರಾಣಿ, ಮನುಷ್ಯರು ಬಂದಲ್ಲಿ ಅಲ್ಲಿಯ ಮೂಲಜೀವಿಗಳು ಅಳಿಯುವುದು ಪ್ರಕೃತಿಯ ನಿಯಮವೆಂದು ಆ ಕಾಲದ ಅನೇಕರು ಡಾರ್ವಿನ್ನನ ಹೆಸರಿನಲ್ಲಿ ನಂಬಿದ್ದರು. ಅಳಿಯುವುದು ಖಚಿತವೆಂದ ಮೇಲೆ, ಮಾದರಿಗಳನ್ನಾದರೂ ಕೂಡಿಡೋಣವೆಂಬ ತರ್ಕ ತಾನಾಗಿ ಬರುತ್ತದೆ. ಗ್ರಹಣದ ದಿನವನ್ನು ನಾವು ಲೆಕ್ಕಹಾಕಿ ಹೇಳಿದರೆ ಗ್ರಹಣದಲ್ಲಿ ನಮ್ಮ ಕೈವಾಡವೇನೂ ಇರುವುದಿಲ್ಲ. ಹಕ್ಕಿಯ ಅಳಿವನ್ನು ನುಡಿದವನ ಕೈಯಲ್ಲಿ ಚರ್ಮದ ಚೀಲವಿದ್ದರೆ ಆ ಭವಿಷ್ಯವನ್ನು ನಿಯಮವೆಂದು ಕರೆಯುವುದು ಹೇಗೆ? ಬುಲ್ಲರನು ಮಾವೊರಿ ಜನರೂ ಅಳಿಯುವರೆಂದೇ ತಿಳಿದಿದ್ದನು. 1896ರಲ್ಲಿ ಸುಮಾರು 42,000 ಇದ್ದ ಅವರು 2023ರ ಜನಗಣತಿಯಲ್ಲಿ ಎಂಟು ಲಕ್ಷವನ್ನೂ ಮೀರಿದ್ದಾರೆ.

1901ರಲ್ಲಿ ಭಾವೀ ಚಕ್ರವರ್ತಿ ಐದನೆಯ ಜಾರ್ಜನು ನ್ಯೂಜಿಲೆಂಡಿಗೆ ಬಂದಾಗ ಅವನ ಟೋಪಿಗೆ ಹುಯಿಯಾ ಗರಿಯೊಂದನ್ನು ಸಿಕ್ಕಿಸಿದರು. ಆ ಗರಿಗೆ ಎಲ್ಲೆಡೆ ಬೇಡಿಕೆ ಹುಟ್ಟಿತು. ಬುಲ್ಲರನು 1906ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡನು. ಹುಯಿಯಾ ಕಣ್ಣಿಗೆ ಬಿದ್ದುದಕ್ಕೆ ಎಲ್ಲರೂ ಒಪ್ಪುವ ಕೊನೆಯ ದಾಖಲೆ 1907ರ ಡಿಸೆಂಬರಿನದು. ಅದರ ದನಿಯನ್ನು ಯಂತ್ರದಲ್ಲಿ ಹಿಡಿದಿಟ್ಟವರಿಲ್ಲ. ಹಿಂದೆ ಸಿಳ್ಳೆಯಿಂದ ಅದನ್ನು ಕರೆಯಬಲ್ಲವನಾಗಿದ್ದ ಹೆನಾರೆ ಹಮಾನ ಎಂಬ ಮಾವೊರಿಯ ಅನುಕರಣೆಯನ್ನು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಮುದ್ರಿಸಿಕೊಳ್ಳಲಾಯಿತು. ಇಂದು ಕೇಳಸಿಗುವುದು ಅದೊಂದೇ.